ಬಾಗಿಲು ಮನೆಗೆ ಬಂದ ದಿನ

ಈ ಕತೆಯನ್ನು ಮೊದಲು ಹೇಳಿದವರು ಒಬ್ಬ ದರ್ಜಿ. ಹೇಳಿದ್ದು ಪೇಟೆಬೀದಿ ಅಗಲವಾದ ಮರುವರ್ಷದ ಚಳಿಗಾಲದಲ್ಲಿ, ಒಂದು ಸಂಜೆ. ಆಮೇಲೆ ಇದನ್ನೇ ಅದೇ ಬೀದಿಯ ಕ್ಷೌರಿಕರ ಬಾಯಲ್ಲೂ ಮೂಲೆಮನೆಯ ಅಜ್ಜಿಯ ಬಾಯಲ್ಲೂ ಕೇಳಿದ್ದಾಯಿತು. ಮೂವರ ಹೇಳಿಕೆಗಳಲ್ಲಿ ಅಲ್ಲಲ್ಲಿ ವ್ಯತ್ಯಾಸಗಳಿವೆ. ಯಾರ ಹೇಳಿಕೆಯನ್ನು ತೆಗೆದುಕೊಂಡರೂ ಆ ದಿನ ಎಲ್ಲರಿಗಿಂತ ಹೆಚ್ಚು ಭಾರ ಹೊತ್ತವರು ಹೇಳುತ್ತಿರುವವರೇ. ಬಾಗಿಲಿನ ವಿಷಯದಲ್ಲಿ ಮಾತ್ರ ಮೂವರದೂ ಒಂದೇ ಮಾತು. ಆದ್ದರಿಂದ ದರ್ಜಿಯವರ ಹೇಳಿಕೆಯನ್ನು ಆಧಾರವಾಗಿಟ್ಟುಕೊಂಡು, ಉಳಿದಿಬ್ಬರು ಅಲ್ಲವೆಂದು ತಲೆಯಾಡಿಸಿದ ಕಡೆಗಳಲ್ಲಿ ಮಾತ್ರ ತಿದ್ದಿ ಇಲ್ಲಿ ಕೊಟ್ಟಿದೆ.

ಕತೆಯ ನಾಯಕರು ದನದ ಆಸ್ಪತ್ರೆಯ ಕಾಂಪೌಂಡರು. ಬಾಯಿಲ್ಲದ ರೋಗಿಗಳ ನಡುವೆ ಆಯುಷ್ಯ ಕಳೆದದ್ದರಿಂದಲೋ ಏನೋ, ಬಾಯಿರುವವರು ಎದುರು ನಿಂತು ಏನನ್ನಾದರೂ ಕೇಳಿದರೆ ಅವರಿಗೆ ಕೈಕಾಲು ಆಡುತ್ತಿರಲಿಲ್ಲ. ಹಾಯಲು ಬಂದ ಗೂಳಿಯ ಕೊಂಬು ಹಿಡಿದು, ಬಿದಿರಿನ ಗೊಟ್ಟದಲ್ಲಿ ಅದರ ಬಾಯಿಗೆ ಔಷಧ ಹೊಯ್ಯುತ್ತಿದ್ದ ಧೀರರು. ಆದರೆ 'ಇಲ್ಲ' ಎಂಬ ಎರಡಕ್ಷರ ಅವರ ಗಂಟಲಲ್ಲಿ ನುಂಗಲಾರದ ಗುಳಿಗೆಯಂತೆ ಸಿಕ್ಕಿಕೊಳ್ಳುತ್ತಿತ್ತು. ಯಾರು ಏನು ಕೇಳಿದರೂ 'ಆಗಲಿ' ಎನ್ನುವರು. ಹೀಗಾಗಿ ಬೀದಿಯಲ್ಲಿ ಅವರಿಗೆ 'ಆಗಲಿ ಕಾಂಪೌಂಡರು' ಎಂದೇ ಹೆಸರು.

ಅವರು ವಾಸವಿದ್ದ ಬಂಗಲೆ ಹೆಂಡತಿಯ ಕಡೆಯಿಂದ ಬಂದದ್ದು. ಕಳೆದ ಶತಮಾನದ ಆರಂಭದ ವರ್ಷಗಳಲ್ಲಿ ಅದನ್ನು ಕಟ್ಟಿಸಿದವರು ಹೆಂಡತಿಯ ಅಜ್ಜ. ಮರದ ವ್ಯಾಪಾರಕ್ಕೆಂದು ಊರೂರು ತಿರುಗಿದ ಆ ಅಜ್ಜ, ಹೋದಲ್ಲೆಲ್ಲ ಕಣ್ಣಿಗೆ ಹಿಡಿಸಿದ್ದನ್ನು ಮನಸ್ಸಿನಲ್ಲಿ ಗಂಟುಕಟ್ಟಿ ತಂದು, ಅಷ್ಟನ್ನೂ ಒಂದೇ ಮನೆಯ ಮೇಲೆ ಬಿಚ್ಚಿಬಿಟ್ಟಿದ್ದರು. ಒಂದು ಮೂಲೆಯಲ್ಲಿ ಮೊನಚು ಟೋಪಿಯಿಟ್ಟ ದುಂಡು ಗೋಪುರ. ಮುಂಬಾಗಿಲ ನೆತ್ತಿಯ ಮೇಲೆ ಅರ್ಧಚಂದ್ರದ ಆಕಾರದಲ್ಲಿ ಬಣ್ಣದ ಗಾಜು. ಜಗಲಿಯ ಸೂರಿನ ಕೆಳಗೆ ಗಿಳಿಗಳನ್ನು ಕೆತ್ತಿದ ಮರದ ಬ್ರಾಕೆಟ್ಟುಗಳು. ಜಗಲಿಯ ಅಂಚಿಗೆ ಎಲೆಬಳ್ಳಿಯ ವಿನ್ಯಾಸದ ಎರಕದ ಕಬ್ಬಿಣದ ಕಟಾಂಜನ. ಗೋಪುರದ ಕೆಳಗೆ ಜಗಲಿಗೆ ತೆರೆದುಕೊಳ್ಳುವ ಓದುವ ಕೋಣೆಗೆ, ಹಿತ್ತಾಳೆ ಚಿಲಕದ ದಪ್ಪ ತೇಗದ ಬಾಗಿಲು. ಗೃಹಪ್ರವೇಶದ ದಿನ ತೆಗೆಸಿದ ಫೋಟೋದಲ್ಲಿ ಇವೆಲ್ಲವೂ ಇವೆ.

ಮನೆಯಲ್ಲಿ ಮಾತ್ರ ಎಲ್ಲವೂ ಇರಲಿಲ್ಲ.

ಮೊದಲು ಕೇಳಿದವರು ಕ್ಷೌರಿಕರು. ದೊಡ್ಡ ಕನ್ನಡಿಯನ್ನು ನಿಲ್ಲಿಸಲು ಗಟ್ಟಿ ಆಸರೆ ಬೇಕಿತ್ತು; ಗಿಳಿಯ ಬ್ರಾಕೆಟ್ಟುಗಳು ಹೋದವು. ಆಮೇಲೆ ಮೂಲೆಮನೆಯ ಅಜ್ಜಿ ಬಳ್ಳಿ ಹಬ್ಬಿಸಲು ಏನಾದರೂ ಇದ್ದರೆ ಕೊಡಪ್ಪಾ ಎಂದರು, ಕಟಾಂಜನ ಹೋಯಿತು. ಕೊನೆಗೆ ದರ್ಜಿ ಬಂದರು. ಗಿರಾಕಿಗಳು ಬಟ್ಟೆ ಹಾಕಿ ನೋಡಲು ಅಂಗಡಿಯಲ್ಲಿ ಗೂಡಿನಂಥ ಕೋಣೆಯೊಂದಿತ್ತು, ಅದಕ್ಕೆ ಬಾಗಿಲಿರಲಿಲ್ಲ.

"ಓದೋ ಕೋಣೇಲಿ ನೀವೊಬ್ರೇ ಇರ್ತೀರಿ, ಪುಸ್ತಕ ಓದೋಕೆ ಮರೆ ಯಾಕೆ ಕಾಂಪೌಂಡ್ರೇ," ಎಂದು ದರ್ಜಿ ವಾದ ಹೂಡಿದ್ದರು. "ನನ್ನಲ್ಲಿಗೆ ಬರೋರು ಬಟ್ಟೆ ಬಿಚ್ಚೋ ಜನ. ಅವರ ಮಾನ ದೊಡ್ಡದೋ, ನಿಮ್ಮ ಪುಸ್ತಕ ದೊಡ್ಡದೋ, ನೀವೇ ಹೇಳಿ."

"ಆಗಲಿ," ಎಂದಿದ್ದರು ಕಾಂಪೌಂಡರು.

ಅಂದಿನಿಂದ ಅವರ ಬದುಕಿನಲ್ಲಿ ಬಾಗಿಲೆಂಬುದಿರಲಿಲ್ಲ. ವಾರದ ರಜೆಯ ದಿನ ಓದುವ ಕೋಣೆಯ ಆರಾಮಕುರ್ಚಿಯಲ್ಲಿ ಕಾಲು ಚಾಚಿದರೆ ಸಾಕು, ಆ ಖಾಲಿ ಚೌಕಟ್ಟಿನಿಂದ ಯಾರಾದರೂ ಇಣುಕುವರು. ಮೇಕೆಗೆ ಭೇದಿ, ನಾಯಿಗೆ ಕಜ್ಜಿ, ಬಟಾಣಿ ಸುಲಿಯಬೇಕು, ಗೋದಿ ಬೀಸಿಸಿಕೊಂಡು ಬರಬೇಕು. ಕಾಂಪೌಂಡರು ದೊಡ್ಡ ಆಸೆಗಳ ಮನುಷ್ಯರಲ್ಲ. ತಮ್ಮ ಕೋಣೆಯ ಬಾಗಿಲನ್ನು ಒಳಗಿನಿಂದ ಚಿಲಕ ಹಾಕಿಕೊಂಡು ಒಂದು ಮಧ್ಯಾಹ್ನ ಮಲಗಬೇಕು, ಇಷ್ಟೇ ಅವರ ಜೀವನದ ಗುರಿಯಾಗಿ ಉಳಿದಿತ್ತು.

ಕತೆ ನಡೆದದ್ದು ಅಂಥದೊಂದು ರಜೆಯ ದಿನ. ಬೆಳಗಿನ ಚಹಾ ಮುಗಿದು ಕಾಂಪೌಂಡರು ಕಾಲು ಚಾಚಿದ್ದರಷ್ಟೆ, ಚೌಕಟ್ಟಿನಲ್ಲಿ ಪುರಸಭೆಯ ಜವಾನ ಕಾಣಿಸಿಕೊಂಡ.

"ಮಲಗಿದ್ರಾ ಸರ್? ಮೇಡಂ ಇವತ್ತೇ ಬರ್ತಾರಂತೆ, ಮಧ್ಯಾಹ್ನ."

"ಮುಂದಿನ ವಾರ ಅಂದಿದ್ರಲ್ಲ?"

"ಮುಂದಿನ ವಾರ ಅವರಿಗೆ ರಜ. ಅದಕ್ಕೆ ಮುಂದಿನ ವಾರದ ಕೆಲಸ ಈ ವಾರ ಮುಗಿಸ್ತಾರಂತೆ. ನಾನೂ ಇಷ್ಟು ವರ್ಷ ನೌಕರಿ ಮಾಡಿದ್ದೀನಿ ಸರ್, ಕೆಲಸ ಮುಂದಕ್ಕೆ ಹೋಗೋದೇ ನೋಡಿದ್ದು, ಹಿಂದಕ್ಕೆ ಬಂದಿದ್ದು ಇದೇ ಮೊದಲು." ಜವಾನ ಗಲ್ಲ ಸವರಿಕೊಂಡ. "ಅವರ ಎದುರು ಗಡ್ಡ ಬಿಟ್ಕೊಂಡು ನಿಂತರೆ ಚೆನ್ನಾಗಿರಲ್ಲ. ನಾನು ಕಟಿಂಗ್ ಶಾಪಿಗೆ ಹೋಗಿ ಬರ್ತೀನಿ."

ಮೇಡಂ ಎಂದರೆ ಪರಂಪರೆ ಇಲಾಖೆಯ ಪರೀಕ್ಷಕಿ. ಪೇಟೆಬೀದಿಯನ್ನು ಅಗಲ ಮಾಡಲೆಂದು ಪುರಸಭೆಯವರು ಎಳೆದಿದ್ದ ಸುಣ್ಣದ ಗೆರೆ ಅಂಗಳ ದಾಟಿ, ಜಗಲಿ ಹತ್ತಿ, ನಡುಮನೆಯ ಗೋಡೆಗೆ ಮೂಗು ತಾಗಿಸಿ ನಿಂತಿತ್ತು. ಬಂಗಲೆಗೆ ಪಾರಂಪರಿಕ ಬೆಲೆಯಿದೆ ಎಂದು ಪರೀಕ್ಷಕಿ ಒಪ್ಪಿದರೆ ಗೆರೆ ಬಾಗಿ ಸುತ್ತಿಹೋಗುತ್ತದೆ. ಒಪ್ಪದಿದ್ದರೆ ರಸ್ತೆ ನಡುಮನೆಯ ಮೇಲೇ ಹೋಗುತ್ತದೆ. ಮನೆ ಉಳಿಸಿಕೊಳ್ಳಬೇಕೆಂದು ಇಲಾಖೆಯ ಬೆನ್ನು ಹತ್ತಿದ್ದವರು ಹೆಂಡತಿ. ಗೃಹಪ್ರವೇಶದ ಫೋಟೋವನ್ನು ಇಲಾಖೆಗೆ ತಲುಪಿಸಿದ್ದವರೂ ಅವರೇ.

ಜವಾನ ಹೋದಮೇಲೆ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಚೌಕಟ್ಟಿನಲ್ಲಿ ನಿಂತರು.

"ರೀ, ಆ ಮೇಡಂ ಕೈಯಲ್ಲಿ ಫೋಟೋ ಇದೆ. ಫೋಟೋದಲ್ಲಿರೋ ಮನೆ ಫೋಟೋದಲ್ಲಿ ಮಾತ್ರ ಇದೆ. ನನ್ನಜ್ಜ ಕಟ್ಟಿಸಿದ ಮನೇನ ಬೀದಿಗೆಲ್ಲ ಹಂಚಿ ಕೂತಿದ್ದೀರಲ್ಲ."

"ಎಲ್ಲ ಇಲ್ಲೇ ಇದಾವೆ ಕಣೇ. ಒಂದೂ ಬೀದಿ ದಾಟಿ ಹೋಗಿಲ್ಲ."

"ಹಾಗಾದ್ರೆ ಅವರಿಗೆ ಬೀದಿನೇ ನಮ್ಮನೆ ಅಂತ ಹೇಳಿ. ಏಳಿ, ಒಂದೊಂದನ್ನೇ ಕೇಳಿ ತಗೊಂಡು ಬನ್ನಿ."

"ಕೇಳೋದಾ?" ಎಂದರು ಕಾಂಪೌಂಡರು. ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದೆಂದರೆ ಅವರ ಮಟ್ಟಿಗೆ ಗೂಳಿಯನ್ನು ಕೊಂಬು ಕೊಡು ಎಂದಂತೆ. ಆದರೆ ಎದ್ದರು. ಮನೆ ಹೋಗುತ್ತದೆಂಬ ಭಯ ಒಂದು ಕಾಲನ್ನು ಎತ್ತಿಸಿದರೆ, ಬಾಗಿಲು ಬರುತ್ತದೆಂಬ ಆಸೆ ಇನ್ನೊಂದನ್ನು ಎತ್ತಿಸಿತು.

ದರ್ಜಿಯ ಅಂಗಡಿಗೆ ಕಾಲಿಟ್ಟದ್ದೇ ತಡ, "ಬನ್ನಿ ಕಾಂಪೌಂಡ್ರೇ, ಕೈ ಎತ್ತಿ," ಎಂಬ ಅಪ್ಪಣೆಯಾಯಿತು. ಅವರು ಎತ್ತಿದರು. ಟೇಪು ಎದೆಯನ್ನು ಸುತ್ತಿಕೊಂಡಿತು.

"ಅದಲ್ಲ, ನಾನು ಬಂದಿದ್ದು..."

"ಮಾತಾಡಬೇಡಿ, ಉಸಿರು ಬಿಟ್ರೆ ಅಳತೆ ತಪ್ಪುತ್ತೆ. ಈ ಚಳಿಗೆ ಒಂದು ವೇಸ್ಟ್‌ಕೋಟ್ ಹೊಲಿದುಬಿಡ್ಲಾ? ಬೂದು ಬಣ್ಣದ್ದು ತುಂಡು ಉಳಿದಿದೆ."

"ಆಗಲಿ," ಎಂದು ಕಾಂಪೌಂಡರು ಹೊರಗೆ ಬಂದರು. ಬೀದಿಯಲ್ಲಿ ನಾಲ್ಕು ಹೆಜ್ಜೆ ಇಟ್ಟಮೇಲೆ, ತಾವು ಬಂದದ್ದು ವೇಸ್ಟ್‌ಕೋಟಿಗಲ್ಲವೆಂಬುದು ನೆನಪಾಗಿ ಮತ್ತೆ ಒಳಗೆ ಹೋದರು. ಈ ಸಲ ಕಣ್ಣು ಮುಚ್ಚಿಕೊಂಡು, ಫೋಟೋದಿಂದ ಹಿಡಿದು ಸುಣ್ಣದ ಗೆರೆಯವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದರು.

ದರ್ಜಿ ಕತ್ತರಿ ಕೆಳಗಿಟ್ಟರು. "ಆ ಗೆರೆ ಎಳೆದಿದ್ದು ಮನೆ ಒಡೆಯೋಕಾ? ಇದನ್ನ ಮೊದಲು ಹೇಳೋದು ಬಿಟ್ಟು ವೇಸ್ಟ್‌ಕೋಟ್ ಹೊಲಿಸ್ತೀರಲ್ಲ. ದಿನಾ ಸಂಜೆ ನಾವು ಕೂರೋದು ಆ ಜಗಲಿ ಮೇಲೆ. ತಗೊಂಡು ಹೋಗಿ, ಬಾಗಿಲು ನಿಮ್ಮದೇ. ಆದ್ರೆ ಒಳಗೆ ಜನ ಇದಾರೆ."

ಒಳಗಿದ್ದವನು ಬ್ಯಾಂಡ್‌ಸೆಟ್ಟಿನ ದೊಡ್ಡ ಡೋಲು ಬಾರಿಸುವವನು; ಡೋಲಿಗೂ ಅವನಿಗೂ ಸುತ್ತಳತೆಯಲ್ಲಿ ಹೆಚ್ಚು ಅಂತರವಿರಲಿಲ್ಲ. ಅವನ ಹೊಸ ಕೋಟು ಮೈಮೇಲೇ ಗುಂಡುಸೂಜಿಗಳಲ್ಲಿ ನಿಂತಿತ್ತು. ಬಿಚ್ಚಿದರೆ ಬೆಳಗಿನ ಕೆಲಸವೆಲ್ಲ ಹಾಳು. ತೊಟ್ಟು ಬಂದಿದ್ದ ಪ್ಯಾಂಟು ಸೊಂಟ ಬಿಡಿಸಿಕೊಂಡು ಹೊಲಿಗೆ ಯಂತ್ರದ ಮೇಲಿತ್ತು. ಅವನ ಮಾನವನ್ನು ಕಾಯುತ್ತಿದ್ದದ್ದು ಆ ಬಾಗಿಲೊಂದೇ.

"ಬಾಗಿಲು ಎಲ್ಲಿಗೆ ಹೋದ್ರೂ ನಾನು ಅದರ ಹಿಂದೆ," ಎಂದು ಒಳಗಿನಿಂದ ಧ್ವನಿ ಬಂತು.

ಹಾಗೆಯೇ ಆಯಿತು. ಬಾಗಿಲಿನ ಒಳಮೈಗೆ ದರ್ಜಿ ಹೊಡೆದಿದ್ದ ಉದ್ದ ಕನ್ನಡಿ, ಬಟ್ಟೆಯ ಕೊಕ್ಕೆಗಳು, ಯಾವುದನ್ನೂ ಬಿಡಿಸಲು ಹೊತ್ತಿರಲಿಲ್ಲ. ಕಾಂಪೌಂಡರು ಒಂದು ಅಂಚನ್ನೂ ದರ್ಜಿ ಇನ್ನೊಂದನ್ನೂ ಹಿಡಿದು ಬಾಗಿಲನ್ನು ನೆಟ್ಟಗೆ ನಿಲ್ಲಿಸಿಕೊಂಡು ಅಂಗಡಿಗಳ ಗೋಡೆಗುಂಟ ಬೀದಿಯಲ್ಲಿ ಹೊರಟರು. ಅದರ ಮರೆಯಲ್ಲಿ ಡೋಲಿನವನು, ಗೋಡೆಗೆ ಬೆನ್ನು ಮಾಡಿಕೊಂಡು, ಏಡಿಯಂತೆ ಅಡ್ಡಡ್ಡ ನಡೆದ. ನೋಡಿದವರಿಗೆ ಕಂಡದ್ದು ಎರಡು ದಪ್ಪ ಬರಿಗಾಲುಗಳು ಮೂಡಿದ ಒಂದು ಹಳೆಯ ತೇಗದ ಬಾಗಿಲು; ತವರಿಗೆ ಹೊರಟಂತೆ ಗಂಭೀರವಾಗಿ ಸಾಗುತ್ತಿತ್ತು.

ಕಟಿಂಗ್ ಶಾಪಿನ ಎದುರು ಬಂದಾಗ ದರ್ಜಿಯೇ ಕೂಗಿ ವಿಷಯ ತಿಳಿಸಿದರು. ಕ್ಷೌರಿಕರ ಕುರ್ಚಿಯಲ್ಲಿ ಜವಾನ ಕೂತಿದ್ದ. ಅವನ ಮುಖದ ಒಂದು ಪಾಲು ನುಣ್ಣಗಾಗಿತ್ತು, ಇನ್ನೊಂದು ಪಾಲು ನೊರೆಯಲ್ಲಿ ಮುಳುಗಿತ್ತು.

"ಬ್ರಾಕೆಟ್ ಕೊಡೋಕೆ ನಂದೇನೂ ಅಡ್ಡಿ ಇಲ್ಲಪ್ಪ," ಎಂದರು ಕ್ಷೌರಿಕರು. "ಆದ್ರೆ ಅದನ್ನ ಕಿತ್ರೆ ಕನ್ನಡಿ ಬೀಳುತ್ತೆ. ಕನ್ನಡಿ ಇಲ್ದೆ ಇವನ ಇನ್ನರ್ಧ ಮುಖ ಹೇಗೆ ಬೋಳಿಸ್ಲಿ? ಇವನನ್ನ ಹೀಗೇ ಬಿಟ್ರೆ ನನ್ನ ಅಂಗಡಿ ಹೆಸರೇನಾಗಬೇಕು?"

"ಕನ್ನಡಿನೂ ಅಲ್ಲಿಗೇ ತನ್ನಿ. ಬೋಳಿಸೋದು ಅಲ್ಲೇ ಬೋಳಿಸಿ," ಎಂದರು ದರ್ಜಿ.

"ಹಾಗಾದ್ರೆ ಕುರ್ಚಿನೂ ಬರಬೇಕು. ನಿಂತವನ ಗಲ್ಲಕ್ಕೆ ನಾನು ಕತ್ತಿ ಹಾಕಲ್ಲ."

ಜವಾನ ಮಾತ್ರ ಕುರ್ಚಿ ಬಿಟ್ಟು ಇಳಿಯಲು ಒಪ್ಪಲಿಲ್ಲ. ಬೆಂಚಿನ ಮೇಲೆ ಕಾಯುತ್ತಿದ್ದವರನ್ನು ಓರೆಗಣ್ಣಲ್ಲಿ ನೋಡಿ, "ಇಳಿದ್ರೆ ಪಾಳಿ ಹೋಗುತ್ತೆ," ಎಂದ. ಆದ್ದರಿಂದ ಆ ತಿರುಗುವ ಕಬ್ಬಿಣದ ಕುರ್ಚಿಯನ್ನು ಅವನ ಸಮೇತ ಎತ್ತಬೇಕಾಯಿತು. ದರ್ಜಿಯವರ ಹೇಳಿಕೆಯಂತೆ ಅದನ್ನು ಹೊತ್ತವರು ಕಾಯುತ್ತಿದ್ದ ಗಿರಾಕಿಗಳು. ಕ್ಷೌರಿಕರ ಹೇಳಿಕೆಯಂತೆ ಅವರೊಬ್ಬರೇ. ಕುರ್ಚಿ ಹೆಜ್ಜೆಗೊಮ್ಮೆ ಗಿರ್ರನೆ ತಿರುಗುತ್ತಿದ್ದುದರಿಂದ ಜವಾನ ಬೀದಿಯ ಎರಡೂ ಬದಿಗೆ ಒಮ್ಮೆ ನುಣುಪು ಗಲ್ಲವನ್ನೂ ಒಮ್ಮೆ ನೊರೆ ಗಲ್ಲವನ್ನೂ ತೋರಿಸುತ್ತ ಸಾಗಿದನೆಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆ.

ಮೂಲೆಮನೆಯ ಅಜ್ಜಿ ಗೇಟಿನಲ್ಲೇ ಕಾದಿದ್ದರು. ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು.

"ಕಟಾಂಜನ ತಗೊಂಡು ಹೋಗು ಮಗಾ, ಬೇಡ ಅನ್ನಲ್ಲ. ಬಳ್ಳಿಗೆ ಕತ್ತರಿ ಹಾಕಿದ್ರೆ ಮಾತ್ರ ನೋಡು. ಅದನ್ನ ಸಾಕಿದಷ್ಟು ಮುತುವರ್ಜಿಯಿಂದ ನನ್ನ ಮಕ್ಕಳನ್ನ ಸಾಕಲಿಲ್ಲ. ಅದಕ್ಕೇ ಅದು ನನ್ನ ಜೊತೆ ಇದೆ."

ಹಾಗೆ ಕಟಾಂಜನ ಬಂತು, ಬಳ್ಳಿ ಬಂತು, ಬಳ್ಳಿಯ ಬೇರಿದ್ದ ಮಣ್ಣಿನ ತೊಟ್ಟಿಗಳು ಬಂದವು, ತೊಟ್ಟಿಗಳಿಗೆ ನೀರು ಹಾಕುವವರು ಬೇಕಲ್ಲ ಎಂದು ಅಜ್ಜಿಯೂ ಮೊಣಕಾಲಿಗೆ ಕೈಯೂರುತ್ತ ಹಿಂದೆಯೇ ಬಂದರು.

ಬಂಗಲೆಯ ಜಗಲಿ ಹೊತ್ತೇರುವುದರೊಳಗೆ ಸಂತೆಯಾಯಿತು. ಬ್ರಾಕೆಟ್ಟುಗಳನ್ನು ಸೂರಿನ ಕೆಳಗೆ ಸ್ಕ್ರೂ ಹಾಕಿ ಬಿಗಿದರು. ಕ್ಷೌರಿಕರ ಅವಸರದಲ್ಲಿ ಒಂದು ಗಿಳಿ ತಲೆಕೆಳಗಾಗಿ ಬಾವಲಿಯಾಯಿತು. ಅವುಗಳಿಗೆ ನೇತುಹಾಕಿದ ಕನ್ನಡಿ, ಕನ್ನಡಿಯ ಎದುರು ಕುರ್ಚಿ, ಕುರ್ಚಿಯಲ್ಲಿ ಜವಾನ. ಓದುವ ಕೋಣೆಯ ಚೌಕಟ್ಟಿಗೆ ಬಾಗಿಲು ಕೂತಾಗ ಕಾಂಪೌಂಡರ ಕಣ್ಣು ಮಂಜಾಯಿತು. ಹಳೆಯ ತಿರುಗಣಿಗಳು ಹಳೆಯ ತೂತುಗಳನ್ನು ತಾವೇ ಹುಡುಕಿಕೊಂಡವು. ಅವರು ಚಿಲಕವನ್ನು ಒಮ್ಮೆ ಸರಿಸಿ ನೋಡಿದರು, 'ಟಕ್' ಎಂದಿತು. ಅಷ್ಟು ಇಂಪಾದ ಸದ್ದನ್ನು ಅವರು ಬಹಳ ದಿನಗಳಿಂದ ಕೇಳಿರಲಿಲ್ಲ. ಆದರೆ ಚಿಲಕದ ಒಳಬದಿಯಲ್ಲಿದ್ದವನು ಡೋಲಿನವನು. ಅಲ್ಲಿದ್ದ ಆರಾಮಕುರ್ಚಿಯಲ್ಲಿ ಅವನು ಗುಂಡುಸೂಜಿಗಳು ಚುಚ್ಚದಂತೆ ಹುಷಾರಾಗಿ ಒರಗುವುದು ಕಂಡಿತು. ಆಮೇಲೆ ಬಾಗಿಲು ಮುಚ್ಚಿತು.

"ಇವತ್ತೊಂದು ದಿನ," ಎಂದು ಕಾಂಪೌಂಡರು ತಮಗೆ ತಾವೇ ಹೇಳಿಕೊಂಡರು. "ಮೇಡಂ ಬಂದು ಹೋಗ್ಲಿ. ಇವರನ್ನೆಲ್ಲ ಕಳಿಸಿ, ನಾಳೆ ರಜ ಹಾಕಿ ಮಲಗ್ತೀನಿ."

ಕೊನೆಯದಾಗಿ ಹೆಂಡತಿ ಮುಂಬಾಗಿಲ ನೆತ್ತಿಯನ್ನು ತೋರಿಸಿದರು. ಅರ್ಧಚಂದ್ರದ ಗಾಜಿನಲ್ಲಿ ಕೆಂಪು ಚೂರೊಂದು ಯಾವಾಗಲೋ ಒಡೆದು ಹೋಗಿತ್ತು. ದರ್ಜಿ ಜೇಬಿನಿಂದ ಕೆಂಪು ಸ್ಯಾಟಿನ್ ಲೈನಿಂಗ್ ಬಟ್ಟೆ ತೆಗೆದು, ಅಳತೆಗೆ ಕತ್ತರಿಸಿ ಅಂಟಿಸಿದರು. "ದೂರದಿಂದ ನೋಡಿದ್ರೆ ಗೊತ್ತಾಗಲ್ಲ," ಎಂದು ಅವರು ಏಣಿಯಿಂದ ಇಳಿಯುವಷ್ಟರಲ್ಲಿ ಹತ್ತಿರದಿಂದಲೇ ಒಂದು ದನಿ ಕೇಳಿತು.

"ಒಳಗೆ ಬರಬಹುದಾ?"

ಪರೀಕ್ಷಕಿ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ಕತ್ತಿನಲ್ಲಿ ಭೂತಗನ್ನಡಿ, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬೊಂಬೆಯಾಟದ್ದೆನ್ನುವಷ್ಟು ಪುಟ್ಟ ಮರದ ಸುತ್ತಿಗೆ. ಜವಾನ ಕುರ್ಚಿಯಿಂದ ಹಾರಿ ನಿಂತು ನಮಸ್ಕರಿಸಿದ. ಅವರು ಅವನ ಮುಖದ ಎರಡು ಪಾಲುಗಳನ್ನೂ ಸಾವಕಾಶವಾಗಿ ನೋಡಿದರು.

"ಇದೇನ್ರೀ?"

"ಕೆಲಸ ನಡೀತಾ ಇದೆ ಮೇಡಂ," ಎಂದ ಜವಾನ.

ಪರೀಕ್ಷಕಿ ಮಾತಾಡುವವರಲ್ಲ, ತಟ್ಟುವವರು. ಕಂಬ ತಟ್ಟಿದರು, ಕಿವಿಗೊಟ್ಟರು. ಕಟಾಂಜನದ ಎಲೆಗಳನ್ನು ತಟ್ಟಿದರು. ಕೆಲವು ಠಣ್ ಎಂದವು, ಕೆಲವು ಅಲ್ಲಾಡಿದವು, ಏಕೆಂದರೆ ಅವು ಅಜ್ಜಿಯ ಬಳ್ಳಿಯವು. ತಲೆಕೆಳಗಾದ ಗಿಳಿಯನ್ನು ಕುತ್ತಿಗೆ ಓರೆಮಾಡಿ ನೋಡಿದರು. ಪ್ರತಿಯೊಂದನ್ನೂ ಫೋಟೋದೊಂದಿಗೆ ಹೋಲಿಸಿ ನೋಡುತ್ತ, ಬೀದಿಯ ಜನವನ್ನೆಲ್ಲ ಬಾಲದಂತೆ ಎಳೆದುಕೊಂಡು, ಓದುವ ಕೋಣೆಯವರೆಗೂ ಬಂದು ಬಾಗಿಲನ್ನು ತಟ್ಟಿದರು.

"ಇದ್ದೀನಿ," ಎಂದಿತು ಬಾಗಿಲು.

ಪರೀಕ್ಷಕಿ ಒಂದು ಹೆಜ್ಜೆ ಹಿಂದಕ್ಕಿಟ್ಟರು. "ಯಾರದು ಒಳಗೆ?"

"ಡೋಲಿನವರು," ಎಂದರು ಕಾಂಪೌಂಡರು.

"ನಿಮ್ಮ ಸಂಬಂಧಿಕರಾ?"

"ಅಲ್ಲ ಮೇಡಂ, ಕೋಟಿಗೆ ಸಂಬಂಧಪಟ್ಟವರು."

ಪರೀಕ್ಷಕಿ ಬಗ್ಗಿ ತಿರುಗಣಿಯ ಮೇಲೆ ಟಾರ್ಚು ಬಿಟ್ಟರು. ಹಳೆಯ ಹಿತ್ತಾಳೆಯ ನಡುವೆ ಹೊಸ ಸ್ಕ್ರೂಗಳ ತಲೆಗಳು, ಸುಳ್ಳು ಹೇಳಿ ಸಿಕ್ಕಿಬಿದ್ದವರ ಹಲ್ಲಿನಂತೆ, ಫಳಫಳ ಹೊಳೆದವು. ಅವರು ನೆಟ್ಟಗೆ ನಿಂತು ಕಾಂಪೌಂಡರನ್ನು ನೋಡಿದರು.

"ಒಂದೇ ಪ್ರಶ್ನೆ. ಈ ಬಾಗಿಲು, ಆ ಬ್ರಾಕೆಟ್ಟು, ಆ ಕಟಾಂಜನ, ಎಲ್ಲ ಮೊದಲಿಂದ ಇಲ್ಲೇ ಇದ್ದವಾ?"

ದರ್ಜಿ ಹಿಂದಿನಿಂದ ತಲೆಯನ್ನು ಮೇಲೆ ಕೆಳಗೆ ಆಡಿಸಿ 'ಹೌದು ಅನ್ನಿ' ಎಂದು ಸನ್ನೆ ಮಾಡಿದರು. ಕ್ಷೌರಿಕರೂ ಆಡಿಸಿದರು. ಜವಾನ ಸರ್ಕಾರದ ಕಡೆಯವನೆಂಬುದನ್ನು ಮರೆತು ತಾನೂ ಆಡಿಸಿದ. ಕಾಂಪೌಂಡರು ಹೆಂಡತಿಯ ಕಡೆ ನೋಡಿದರು. ಅವರು ಮಾತ್ರ ತಲೆಯಾಡಿಸಲಿಲ್ಲ. ಅಜ್ಜ ನೆಡಿಸಿದ ಕಂಬಕ್ಕೆ ಅಂಗೈಯೂರಿ ಸುಮ್ಮನೆ ನಿಂತಿದ್ದರು. ಮನೆ ಹೋದರೆ ಹೋಗಲಿ, ಸುಳ್ಳಿನ ಮೇಲೆ ನಿಲ್ಲುವುದು ಬೇಡ ಎಂದು ಆ ಮುಖ ಹೇಳಿತೆಂದು ಕಾಂಪೌಂಡರು ಆಮೇಲೆ ಹೇಳಿದರಂತೆ. ಹೆಂಡತಿಯನ್ನು ಕೇಳಿದರೆ, 'ನನಗೆ ಭಯಕ್ಕೆ ಕತ್ತು ಹಿಡ್ಕೊಂಡಿತ್ತು' ಎನ್ನುತ್ತಾರೆ.

ಏನೇ ಇರಲಿ, ಕಾಂಪೌಂಡರು ಬಾಯಿ ತೆರೆದರು. ಇಡೀ ಬೀದಿ ಎಂದೂ ಕೇಳಿರದ ಮಾತೊಂದು ಹೊರಬಿತ್ತು.

"ಇಲ್ಲ."

ಒಮ್ಮೆ ಬಂದಮೇಲೆ ಅದು ನಿಲ್ಲಲಿಲ್ಲ. "ಇಲ್ಲ ಮೇಡಂ, ಇಲ್ಲಿರಲಿಲ್ಲ. ಬಾಗಿಲು ದರ್ಜಿಯವರ ಅಂಗಡೀಲಿತ್ತು. ಬ್ರಾಕೆಟ್ಟು ಕಟಿಂಗ್ ಶಾಪಲ್ಲಿ. ಕಟಾಂಜನ ಅಜ್ಜಿ ಮನೇಲಿ. ಕೇಳಿದ್ರು, ಕೊಟ್ಟೆ. ಇವತ್ತು ಬೆಳಗ್ಗೆ ತಂದು ಹಚ್ಚಿದ್ದೀವಿ. ಮೇಲಿನ ಆ ಕೆಂಪು ಗಾಜು ಗಾಜಲ್ಲ, ಕೋಟಿನ ಲೈನಿಂಗು. ತಪ್ಪು ನಂದು. ಇವರ‍್ಯಾರದೂ ಅಲ್ಲ."

ಪರೀಕ್ಷಕಿ ಬಾಗಿಲನ್ನು ಬೆರಳ ತುದಿಯಿಂದ ದೂಡಿದರು. ಅಷ್ಟು ದಪ್ಪ ತೇಗದ ಬಾಗಿಲು ಕಿರ್ ಎನ್ನದೆ, ನೀರಿನ ಮೇಲೆ ಎಲೆ ಸರಿದಂತೆ ಸರಿದು ತೆರೆಯಿತು. ಒಳಗೆ ಡೋಲಿನವನು ಗುಂಡುಸೂಜಿಗಳ ನಡುವೆ ತುಸುವೂ ಅಲುಗಾಡದೆ, ಯೋಗಿಯಂತೆ ನಿದ್ದೆ ಮಾಡುತ್ತಿದ್ದ. 'ಇದ್ದೀನಿ' ಎಂದದ್ದೂ ನಿದ್ದೆಗಣ್ಣಿನಲ್ಲೇ ಇರಬೇಕು. ಅವರು ಬಾಗಿಲನ್ನು ಮತ್ತೆ ಮೆತ್ತಗೆ ಮುಚ್ಚಿದರು.

"ಇದಕ್ಕೆ ಎಣ್ಣೆ ಹಾಕಿದ್ದು ಯಾರು?"

"ನಾನು," ಎಂದರು ದರ್ಜಿ, ಶಿಕ್ಷೆಗೆ ಸಿದ್ಧರಾಗಿ. "ಮಿಷನ್ನಿಗೆ ಹಾಕುವಾಗ ಇದಕ್ಕೂ ಎರಡು ತೊಟ್ಟು ಬಿಡ್ತಿದ್ದೆ. ದಿನಾ."

"ಬ್ರಾಕೆಟ್ಟಿಗೆ?"

"ತಲೆಗೆ ಹಚ್ಚೋ ಎಣ್ಣೆ ಮೇಡಂ. ಗಿರಾಕಿಗೆ ಹಚ್ಚಿ ಕೈಯಲ್ಲಿ ಉಳಿದದ್ದನ್ನ ಗಿಳಿಗೆ ಸವರಿಬಿಡ್ತೀನಿ," ಎಂದರು ಕ್ಷೌರಿಕರು.

"ಕಟಾಂಜನಕ್ಕೆ ಒಂದು ಚುಕ್ಕೆ ತುಕ್ಕಿಲ್ಲ."

"ತುಕ್ಕು ತಾಗಿದ್ರೆ ಬಳ್ಳಿ ಬಾಡುತ್ತೆ ತಾಯಿ. ವರ್ಷಕ್ಕೊಮ್ಮೆ ನಾನೇ ಕೂತು ಬಣ್ಣ ಹಚ್ತೀನಿ," ಎಂದರು ಅಜ್ಜಿ.

ಪರೀಕ್ಷಕಿ ಖಾಲಿಯಿದ್ದ ಕ್ಷೌರದ ಕುರ್ಚಿಯಲ್ಲಿ ಕೂತರು. ಸುತ್ತಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಮೊದಲ ಸಲ ದಣಿದವರಂತೆ ಕಂಡರು.

"ಈ ಕಾಲದ ಬಂಗಲೆಗಳನ್ನ ತುಂಬಾ ನೋಡಿದ್ದೀನಿ. ದೊಡ್ಡ ದೊಡ್ಡ ಬೀಗ ಹಾಕಿರ್ತಾರೆ. ತೆಗೆದು ನೋಡಿದ್ರೆ ಬ್ರಾಕೆಟ್ಟು ಗೆದ್ದಲಿಗೆ, ಕಬ್ಬಿಣ ಗುಜರಿಗೆ, ಬಾಗಿಲು ಯಾರದೋ ಹೋಟೆಲಿಗೆ. ಕಟ್ಟಿಸಿದವರ ಫೋಟೋಗೆ ಮಾತ್ರ ಗಾಜು ಹಾಕಿರ್ತಾರೆ. ಫೋಟೋದಲ್ಲಿರೋದು ಒಂದೂ ಬಿಡದೆ, ಅದೂ ಇಷ್ಟು ಚೆನ್ನಾಗಿ ಉಳಿದಿರೋ ಮನೆ ನಾನು ನೋಡಿದ್ದು ಇದೊಂದೇ." ಅವರು ಕಾಂಪೌಂಡರ ಕಡೆ ತಿರುಗಿದರು, ಕುರ್ಚಿಯೂ ಗಿರ್ರನೆ ತಿರುಗಿತು. "ಹೌದು ಅಂದಿದ್ರೆ ನಿಮ್ಮ ಮಾತು ಒಂದನ್ನೂ ನಂಬ್ತಿರಲಿಲ್ಲ. ಮನೆ ನೋಂದಣಿಗೆ ಶಿಫಾರಸು ಮಾಡ್ತೀನಿ. ರಸ್ತೆ ಸುತ್ತಿಕೊಂಡು ಹೋಗ್ಲಿ."

ಹೆಂಡತಿ ಕಂಬದಿಂದ ಕೈ ತೆಗೆದು ಮುಖ ಮುಚ್ಚಿಕೊಂಡರು. ಅಜ್ಜಿ ಅವರ ಬೆನ್ನು ಸವರಿದರು. ಜವಾನ ಸಂತೋಷದಲ್ಲಿ ನೊರೆಯ ಗಲ್ಲವನ್ನು ದರ್ಜಿಯ ಭುಜಕ್ಕೆ ಒರೆಸಿದ. ಕಾಂಪೌಂಡರಿಗೆ ಮಾತ್ರ ಅಲ್ಲಿದ್ದ ಇನ್ನಾರೂ ಕಾಣಲಿಲ್ಲ; ಓದುವ ಕೋಣೆಯ ಬಾಗಿಲೊಂದೇ ಕಂಡಿತು.

"ಒಂದು ಷರತ್ತಿದೆ," ಎಂದರು ಪರೀಕ್ಷಕಿ. "ಪರೀಕ್ಷೆಯ ದಿನ ಗೋಡೆಗೆ, ಚೌಕಟ್ಟಿಗೆ ಏನೇನು ಹೊಂದಿಕೊಂಡಿರುತ್ತೋ ಅದೆಲ್ಲ ಮನೆಯ ಭಾಗ. ಆಮೇಲೆ ಒಂದು ಮೊಳೆನೂ ಕದಲಿಸೋ ಹಾಗಿಲ್ಲ."

"ಕನ್ನಡಿ?" ಎಂದರು ಕಾಂಪೌಂಡರು ಮೆಲ್ಲಗೆ.

"ಬ್ರಾಕೆಟ್ಟಿಗೆ ನೇತುಹಾಕಿದೆ. ಮನೆಯ ಭಾಗ."

"ಬಳ್ಳಿ?"

"ಕಟಾಂಜನಕ್ಕೆ ಸುತ್ತಿದೆ. ಮನೆಯ ಭಾಗ. ಆ ಕೆಂಪು ಲೈನಿಂಗ್ ಒಂದು ಕಿತ್ತು ಗಾಜು ಹಾಕಿಸಿ."

"ಡೋಲಿನವರು?"

"ಅವರು ಪ್ಯಾಂಟ್ ಬಂದಮೇಲೆ ಹೋಗಬಹುದು. ಬಾಗಿಲ ಹಿಂದಿನ ಕನ್ನಡಿ, ಕೊಕ್ಕೆ ಅಲ್ಲೇ ಇರಬೇಕು. ಬಳಕೆನೂ ನಿಲ್ಲೋ ಹಾಗಿಲ್ಲ. ಇವು ಉಳಿದಿರೋದೇ ಬಳಕೆಯಿಂದ. ಬಳಕೆ ನಿಂತ್ರೆ ಎಣ್ಣೆ ನಿಲ್ಲುತ್ತೆ, ಎಣ್ಣೆ ನಿಂತ್ರೆ ಬಾಗಿಲು ಹೋಗುತ್ತೆ. ಬಟ್ಟೆ ಹಾಕಿ ನೋಡೋರು ಇಲ್ಲಿಗೇ ಬರಲಿ, ಕ್ಷೌರ ಈ ಜಗಲಿ ಮೇಲೇ ನಡೀಲಿ, ಅಜ್ಜಿ ದಿನಾ ಬಂದು ನೀರು ಹಾಕ್ಲಿ." ಪರೀಕ್ಷಕಿ ಎದ್ದರು. "ಇದಕ್ಕೆ ಮನೆಯವರ ಒಪ್ಪಿಗೆ ಬೇಕು. ಏನಂತೀರಿ?"

ಕಾಂಪೌಂಡರು ಬಾಗಿಲನ್ನು ನೋಡಿದರು. ಚಿಲಕದ ಆ 'ಟಕ್' ಎಂಬ ಸದ್ದು ಕಿವಿಯಲ್ಲಿ ಇನ್ನೂ ಉಳಿದಿತ್ತು. ಅವರೆಲ್ಲರ ಮುಖಗಳನ್ನು ನೋಡಿದರು. ದರ್ಜಿ, ಕ್ಷೌರಿಕ, ಅಜ್ಜಿ, ಹೆಂಡತಿ, ಅರ್ಧ ಬೋಳಿಸಿದ ಜವಾನ. ಎರಡಕ್ಷರದ ಆ ಮಾತು ಆಗತಾನೆ ಬಂದ ದಾರಿ ಇನ್ನೂ ತೆರೆದೇ ಇತ್ತು. ಅವರು ಗಂಟಲು ಸರಿಪಡಿಸಿಕೊಂಡರು.

"ಆಗಲಿ," ಎಂದರು.

ಇಷ್ಟನ್ನು ಹೇಳಿ ದರ್ಜಿ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡರಿಸಿದರು. ನಾವು ಕೇಳುಗರು ಕೂತಿದ್ದದ್ದು ಅದೇ ಜಗಲಿಯ ಬೆಂಚಿನ ಮೇಲೆ, ಅಜ್ಜಿಯ ಬಳ್ಳಿಯ ನೆರಳಲ್ಲಿ. ಎದುರು ಗೇಟಿನಾಚೆ ಅಗಲವಾದ ಬೀದಿ ಬಂಗಲೆಗೆ ದಾರಿಬಿಟ್ಟು, ಸೊಂಟ ಬಳುಕಿಸಿ ಸಾಗಿತ್ತು. ತಲೆಕೆಳಗಾದ ಗಿಳಿ ಎಣ್ಣೆ ಮಿಂದು ಮಿರುಗುತ್ತಿತ್ತು.

"ಪಾಪ, ಕಾಂಪೌಂಡರಿಗೆ ಆ ಕೋಣೇಲಿ ಒಂದು ದಿನವೂ ಮಲಗೋಕೆ ಆಗಲಿಲ್ವಾ?" ಎಂದು ಕೇಳುಗರಲ್ಲೊಬ್ಬರು ಕೇಳಿದರು.

"ಯಾಕಿಲ್ಲ? ಉಪಾಯ ಹುಡುಕಿಕೊಂಡಿದಾರೆ," ಎಂದರು ದರ್ಜಿ. "ಆ ಬೂದು ವೇಸ್ಟ್‌ಕೋಟ್ ಹಾಕಿ ನೋಡೋಕೆ ಅಂತ ಒಳಗೆ ಹೋದ್ರು ನೋಡಿ, ಚಿಲಕ ಹಾಕ್ಕೊಂಡು ಹೊರಗೇ ಬರಲಿಲ್ಲ. ಅಲ್ಲಿಂದ ಶುರು. ನೀಲಿ, ಕಂದು, ಪಟ್ಟೆಪಟ್ಟೆದು, ಒಂದಾದ ಮೇಲೊಂದು ಹೊಲಿಸ್ತಾನೇ ಇದಾರೆ. ಆಸ್ಪತ್ರೆ ದನಗಳಿಗೆ ಅವರ ಗುರುತು ಸಿಗ್ತಿಲ್ಲ ಅಂತಾರೆ."

ಹೊತ್ತಾಗಿತ್ತು. ಗಿರಾಕಿಯೊಬ್ಬರು ಮಡಿಸಿದ ಶರ್ಟು ಹಿಡಿದು ಬಂದು ಓದುವ ಕೋಣೆಯ ಬಾಗಿಲು ತಟ್ಟಿದರು.

"ಇದ್ದೀನಿ," ಎಂದು ಒಳಗಿನಿಂದ ನಿದ್ದೆಯ ದನಿ ಬಂತು.

"ರೀ, ಜನ ಕಾಯ್ತಾ ಇದಾರೆ, ಹೊರಗೆ ಬನ್ನಿ," ಎಂದು ಹೆಂಡತಿ ನಡುಮನೆಯಿಂದ ಕೂಗಿದರು.

"ಆಗಲಿ," ಎಂದಿತು ಬಾಗಿಲು. ಚಿಲಕ ಟಕ್ಕೆಂದಿತು. ಪಟ್ಟೆಪಟ್ಟೆಯ ವೇಸ್ಟ್‌ಕೋಟು ತೊಟ್ಟ ಕಾಂಪೌಂಡರು ಕಣ್ಣುಜ್ಜಿಕೊಳ್ಳುತ್ತ ಹೊರಬಂದು, ಗಿರಾಕಿಗೆ ದಾರಿಬಿಟ್ಟು, ಬೆಂಚಿನ ಕೊನೆಯಲ್ಲಿ ಮತ್ತೆ ಪಾಳಿಗೆ ಕೂತರು. ಕೇಳುಗರು ಒಬ್ಬೊಬ್ಬರಾಗಿ ಎದ್ದು, ಅವರಿಗೆ ಹೋಗಿಬರುತ್ತೇವೆಂದು ಹೇಳಿ, ಬಾಗಿದ ಬೀದಿ ಹಿಡಿದು ತಮ್ಮ ತಮ್ಮ ಮನೆಗಳಿಗೆ ಹೋದರು.